ಎರಡು ಪಟ್ಟು ಸಾಲ ಇದ್ದರೂ ಜಪಾನ್ ಆರಾಮ, ಶ್ರೀಲಂಕಾ ಯಾಕೆ ಕೈ ಎತ್ತಿತು?

ಪ್ರಶ್ನೆ: ಮೇಡಂ, ನೀವು ಸರ್ಕಾರಿ ಬಾಂಡ್‌ಗಳ ವ್ಯವಹಾರದಲ್ಲಿ ಇಪ್ಪತ್ತು ವರ್ಷ ಇದ್ದವರು ಅಂತ ಇಲ್ಲೇ ಓದಿದೆ, ಅದಕ್ಕೆ ಕೇಳುತ್ತಿದ್ದೇನೆ. ಪ್ರಪಂಚದ ಎಲ್ಲ ಸರ್ಕಾರಗಳ ಸಾಲ ಸೇರಿದರೆ 2024ರಲ್ಲೇ 100 ಲಕ್ಷ ಕೋಟಿ ಡಾಲರ್ ದಾಟುತ್ತದೆ ಅಂತ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಅಂದಾಜು ಮಾಡಿತ್ತು. ಎಲ್ಲರೂ ಸಾಲಗಾರರೇ ಆದರೆ ಕೊಟ್ಟವರು ಯಾರು? ಇನ್ನೊಂದು. ಜಪಾನಿನ ಸಾಲ ಅದರ ಜಿಡಿಪಿಯ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಯ, ಎರಡು ಪಟ್ಟಿಗಿಂತ ಜಾಸ್ತಿ, ಆದರೂ ಏನೂ ಆಗಿಲ್ಲ. ಸುಮಾರು ಅದರ ಅರ್ಧ ಮಟ್ಟದಲ್ಲಿದ್ದ ಶ್ರೀಲಂಕಾ 2022ರಲ್ಲಿ ಕೈ ಎತ್ತಿತು. ಇದು ಯಾವ ಲೆಕ್ಕ?

ಉತ್ತರ: ಕೊಟ್ಟವರು ಬಹುಪಾಲು ನಾವೇ. ಪಿಂಚಣಿ ನಿಧಿ, ವಿಮಾ ಕಂಪನಿ, ಬ್ಯಾಂಕು ಎಲ್ಲವೂ ಜನರ ದುಡ್ಡನ್ನು ಸರ್ಕಾರಿ ಬಾಂಡಿನಲ್ಲಿ, ಅಂದರೆ ಸರ್ಕಾರ ಬರೆದುಕೊಡುವ ಸಾಲಪತ್ರದಲ್ಲಿ, ಹಾಕಿರುತ್ತವೆ. ನಮ್ಮ ರಿಸರ್ವ್ ಬ್ಯಾಂಕಿನಂಥ ಕೇಂದ್ರ ಬ್ಯಾಂಕುಗಳ ಹತ್ತಿರವೂ ರಾಶಿ ಇದೆ. ಹಾಗಾಗಿ ಸಾಲವನ್ನೆಲ್ಲ ಮನ್ನಾ ಮಾಡಿಬಿಡಿ ಅಂತ ಯಾರಾದರೂ ಹೇಳಿದರೆ, ಯಾರ ಉಳಿತಾಯವನ್ನು ಅಳಿಸಬೇಕು ಅಂತ ವಾಪಸ್ ಕೇಳಿ.

ಎರಡನೆಯದಕ್ಕೆ ಬರುತ್ತೇನೆ. ಒಟ್ಟು ಸಾಲ ಎಷ್ಟು ಅನ್ನೋದನ್ನು ನಾನು ಮೊದಲು ನೋಡುವುದೇ ಇಲ್ಲ. ಯಾವ ಹಣದಲ್ಲಿ ತೀರಿಸಬೇಕು, ಯಾವಾಗ ತೀರಿಸಬೇಕು, ಬಡ್ಡಿ ಎಷ್ಟು, ಕೊಟ್ಟವರು ಯಾರು, ಇವನ್ನು ನೋಡುತ್ತೇನೆ. ಜಪಾನಿನ ಸಾಲ ಇರುವುದು ಯೆನ್‌ನಲ್ಲಿ. ಕೊಟ್ಟವರು ಹೆಚ್ಚಾಗಿ ಅಲ್ಲಿಯವರೇ, ಸುಮಾರು ಅರ್ಧ ಬಾಂಡುಗಳು ಅಲ್ಲಿನ ಕೇಂದ್ರ ಬ್ಯಾಂಕಿನ ಬಳಿಯೇ ಇವೆ. ಬಡ್ಡಿ ಎರಡು ದಶಕಕ್ಕೂ ಹೆಚ್ಚು ಕಾಲ ಸೊನ್ನೆಯ ಆಸುಪಾಸಿನಲ್ಲಿತ್ತು.

ಶ್ರೀಲಂಕಾದ ಸಾಲದ ದೊಡ್ಡ ಭಾಗ ಡಾಲರ್‌ನಲ್ಲಿತ್ತು. ಡಾಲರ್ ಬರಬೇಕಾದರೆ ಪ್ರವಾಸಿಗರು ಬರಬೇಕು, ಚಹಾ, ಬಟ್ಟೆ ಹೊರಗೆ ಹೋಗಬೇಕು. 2019ರ ಈಸ್ಟರ್ ಬಾಂಬ್ ದಾಳಿ, ಆಮೇಲೆ ಕೋವಿಡ್. ಪ್ರವಾಸಿಗರು ನಿಂತರು. ಇವೆರಡರ ನಡುವೆ ಸರ್ಕಾರ ವ್ಯಾಟನ್ನು 15ರಿಂದ 8 ಪರ್ಸೆಂಟಿಗೆ ಇಳಿಸಿ ತನ್ನ ಆದಾಯವನ್ನೂ ಕಡಿಮೆ ಮಾಡಿಕೊಂಡಿತು. ಹೊಸ ಸಾಲ ಕೊಡುವವರು ದೂರ ಸರಿದರು. 2022ರ ಏಪ್ರಿಲ್ 12ರಂದು ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸುತ್ತೇವೆ ಅಂತ ಹೇಳುವ ಹೊತ್ತಿಗೆ, ಪೆಟ್ರೋಲ್ ತರಿಸಲೂ ಡಾಲರ್ ಸಾಲುತ್ತಿರಲಿಲ್ಲ.

ಪ್ರಶ್ನೆ: ಹಾಗಿದ್ರೆ ಎಲ್ಲರೂ ಸ್ವಂತ ಹಣದಲ್ಲೇ ಸಾಲ ಮಾಡಿದರೆ ಆಯ್ತಲ್ವಾ? ತೀರಿಸಲಿಕ್ಕೆ ಆಗದಿದ್ದರೆ ನೋಟು ಪ್ರಿಂಟ್ ಮಾಡಿದರಾಯ್ತು.

ಉತ್ತರ: ಮಾಡಬೇಕು ಅಂತ ಎಲ್ಲರಿಗೂ ಆಸೆ. ಕೊಡುವವರು ಒಪ್ಪಬೇಕಲ್ಲ! ನಿಮ್ಮ ನೋಟಿನ ಮೇಲೆ ನಂಬಿಕೆ ಇಲ್ಲದಿದ್ದರೆ ಡಾಲರ್‌ನಲ್ಲೇ ಬರೆದುಕೊಡಿ ಅನ್ನುತ್ತಾರೆ. ಅರ್ಜೆಂಟೀನಾ 2017ರಲ್ಲಿ ನೂರು ವರ್ಷದ ಡಾಲರ್ ಬಾಂಡ್ ಮಾರಿತು. ಅದಕ್ಕೂ ಮುಂಚೆ ಎಷ್ಟೋ ಸಲ ಕೈ ಎತ್ತಿದ್ದ ದೇಶ. ಆದರೂ ಜನ ಮುಗಿಬಿದ್ದು ಕೊಂಡರು, 7 ಪರ್ಸೆಂಟಿಗಿಂತ ಜಾಸ್ತಿ ಬಡ್ಡಿ ನೋಡಿ. ನೂರು ವರ್ಷದ ಬಾಂಡು ಮೂರೇ ವರ್ಷಕ್ಕೆ, 2020ರಲ್ಲಿ, ಸಾಲ ತೀರಿಸಲಾಗದವರ ಪಟ್ಟಿಗೆ ಸೇರಿತು.

ಗ್ರೀಸಿನದು ಬೇರೆ ಕಥೆ. ಸಾಲ ಯೂರೋದಲ್ಲಿ, ಆದರೆ ಯೂರೋ ಮುದ್ರಿಸುವ ಅಧಿಕಾರ ಅಥೆನ್ಸಿನ ಕೈಯಲ್ಲಿಲ್ಲ. 2012ರಲ್ಲಿ ಖಾಸಗಿಯಾಗಿ ಸಾಲ ಕೊಟ್ಟವರ ಬಾಂಡುಗಳ ಮುಖಬೆಲೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಕತ್ತರಿಸಿದರು.

ಪ್ರಶ್ನೆ: ಬ್ರಿಟನ್ನಿಗೆ ಸ್ವಂತ ಪೌಂಡ್ ಇದೆ. ಆದರೂ 2022ರಲ್ಲಿ ಲಿಜ್ ಟ್ರಸ್ ಸರ್ಕಾರ ಬಾಂಡ್ ಮಾರುಕಟ್ಟೆಯಿಂದಲೇ ಬಿತ್ತು ಅಂತಾರೆ. ನಿಜಾನಾ?

ಉತ್ತರ: ಬಹುಮಟ್ಟಿಗೆ ನಿಜ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

100ಕ್ಕೆ ಕೊಂಡ 30 ವರ್ಷದ ಒಂದು ಬಾಂಡ್ ಇಟ್ಟುಕೊಳ್ಳಿ. ವರ್ಷಕ್ಕೆ 1 ಬಡ್ಡಿ ಕೊಡುತ್ತದೆ. ನಾಳೆ ಹೊಸ ಬಾಂಡುಗಳು ನಾಲ್ಕೂವರೆ ಕೊಡಲು ಶುರು ಮಾಡಿದರೆ ನಿಮ್ಮ ಹಳೆಯದನ್ನು 100ಕ್ಕೆ ಯಾರು ಕೊಳ್ಳುತ್ತಾರೆ? ಲೆಕ್ಕ ಹಾಕಿದರೆ ಅದರ ಬೆಲೆ ಸುಮಾರು 43ಕ್ಕೆ ಇಳಿಯುತ್ತದೆ. ಸರ್ಕಾರ ಕೈ ಎತ್ತಿಲ್ಲ, ಒಂದು ಕಂತೂ ತಪ್ಪಿಲ್ಲ. ಆದರೂ ಅರ್ಧಕ್ಕಿಂತ ಜಾಸ್ತಿ ಹೋಯ್ತು.

ಆ ಸೆಪ್ಟೆಂಬರ್ 23ಕ್ಕೆ ಟ್ರಸ್ ಸರ್ಕಾರ ಸುಮಾರು 4,500 ಕೋಟಿ ಪೌಂಡ್ ತೆರಿಗೆ ಕಡಿತ ಘೋಷಿಸಿತು. ದುಡ್ಡು ಎಲ್ಲಿಂದ? ಸಾಲದಿಂದ. ಬಾಂಡ್ ಬೆಲೆ ಬಿದ್ದವು. ಅಲ್ಲಿನ ಎಷ್ಟೋ ಪಿಂಚಣಿ ನಿಧಿಗಳು ಬಾಂಡುಗಳನ್ನೇ ಅಡ ಇಟ್ಟು ಸಾಲ ಎತ್ತಿದ್ದವು. ಬೆಲೆ ಬಿದ್ದ ಕೂಡಲೇ ಇನ್ನಷ್ಟು ಅಡ ತನ್ನಿ ಅಂತ ಫೋನು ಬರತೊಡಗಿತು. ನಿಧಿಗಳು ದುಡ್ಡಿಗಾಗಿ ಬಾಂಡ್ ಮಾರಿದವು, ಅದರಿಂದ ಬೆಲೆ ಇನ್ನೂ ಬಿತ್ತು, ಮತ್ತೆ ಫೋನು. ಬಾಂಡಿನ ಬೆಲೆ ಬಿದ್ದಷ್ಟೂ ಅದರ ಮೇಲಿನ ಬಡ್ಡಿ ದರ ಏರುತ್ತದೆ, 28ರ ಬೆಳಿಗ್ಗೆ 30 ವರ್ಷದ ಬಾಂಡಿನದು 5 ಪರ್ಸೆಂಟ್ ದಾಟಿತ್ತು. ಸ್ಕ್ರೀನ್ ಮುಂದೆ ಕೂತಿದ್ದ ನನ್ನ ಚಹಾ ಹಾಗೇ ಆರಿಹೋಯಿತು. ಮಾರುವವರೇ ಎಲ್ಲ, ಕೊಳ್ಳುವವರ ಕಡೆ ಖಾಲಿ. ನಂತರ ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ 6,500 ಕೋಟಿ ಪೌಂಡ್‌ವರೆಗೆ ಬಾಂಡ್ ಕೊಳ್ಳಲು ಸಿದ್ಧ ಅಂತ ಹೇಳಿತು. ಕೊನೆಗೆ ಕೊಂಡಿದ್ದು 1,930 ಕೋಟಿ ಮಾತ್ರ, ಹೇಳಿದ್ದೇ ಅರ್ಧ ಕೆಲಸ ಮಾಡಿತ್ತು. ಟ್ರಸ್ ಅಕ್ಟೋಬರ್ 20ಕ್ಕೆ ರಾಜೀನಾಮೆ ಘೋಷಿಸಿದರು.

ಆಗ ಬ್ರಿಟನ್ನಿನ ಸಾಲ ಜಿಡಿಪಿಯ ಹೆಚ್ಚುಕಮ್ಮಿ 100 ಪರ್ಸೆಂಟ್, ಜಪಾನಿಗಿಂತ ಎಷ್ಟೋ ಕಡಿಮೆ.

ಪ್ರಶ್ನೆ: ಅಮೆರಿಕ?

ಉತ್ತರ: ಅಲ್ಲಿ ತಲೆನೋವು ಬಡ್ಡಿಯದು. 2020ರಲ್ಲಿ ಹತ್ತು ವರ್ಷದ ಸಾಲ 1 ಪರ್ಸೆಂಟಿಗಿಂತ ಕಡಿಮೆಗೆ ಸಿಗುತ್ತಿತ್ತು, 2023ರ ಅಕ್ಟೋಬರಿನಲ್ಲಿ 5 ಮುಟ್ಟಿತು. ಹಳೇ ಅಗ್ಗದ ಸಾಲದ ಅವಧಿ ಮುಗಿದಂತೆಲ್ಲ ಹೊಸ ದುಬಾರಿ ಸಾಲ ಅದರ ಜಾಗಕ್ಕೆ ಬರುತ್ತಿದೆ. 2024ರ ನವೆಂಬರಿನಲ್ಲಿ ಸಾಲ 36 ಲಕ್ಷ ಕೋಟಿ ಡಾಲರ್ ದಾಟಿತು. ಅದಕ್ಕೂ ಮುಂಚೆ, 2024ರ ಸೆಪ್ಟೆಂಬರಿಗೆ ಮುಗಿದ ಆರ್ಥಿಕ ವರ್ಷದಲ್ಲೇ ಬಡ್ಡಿಯ ಖರ್ಚು ಸೇನೆಯ ಖರ್ಚನ್ನು ಮೀರಿಸಿತ್ತು. ಡಾಲರ್ ಅವರದೇ, ಕೈ ಎತ್ತಬೇಕಾಗಿಲ್ಲ. ಆದರೆ ಬಡ್ಡಿಗೆ ಹೋದ ದುಡ್ಡು ರಸ್ತೆಗೂ ಇಲ್ಲ, ಶಾಲೆಗೂ ಇಲ್ಲ. ಜಪಾನಿನ ಆರಾಮವೂ ಕಾಯಂ ಅಂದುಕೊಳ್ಳಬೇಡಿ, 2024ರ ಮಾರ್ಚಿನಿಂದ ಅಲ್ಲೂ ಬಡ್ಡಿ ಏರುತ್ತಿದೆ.

ಪ್ರಶ್ನೆ: ಕೊನೇದು ಮೇಡಂ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡವರು ಹೇಳಿದ್ದಾರೆ. ಇಷ್ಟೆಲ್ಲ ಸಾಲ ಯಾವತ್ತಾದರೂ ತೀರುತ್ತಾ?

ಉತ್ತರ: ಮನೆಯವರಿಗೆ ವಯಸ್ಸಾಗುತ್ತದೆ, ದುಡಿಮೆ ನಿಲ್ಲುತ್ತದೆ. ಅದಕ್ಕೇ ಸಾಲ ತೀರಿಸಲೇಬೇಕು. ಸರ್ಕಾರ ನಿವೃತ್ತಿ ಆಗಲ್ಲ, ಹಳೆ ಸಾಲಕ್ಕೆ ಹೊಸ ಸಾಲ ತರುತ್ತಲೇ ಇರಬಹುದು. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ಸಾಲ ಜಿಡಿಪಿಯ ಎರಡೂವರೆ ಪಟ್ಟಿನ ಹತ್ತಿರ ಇತ್ತು. ಮೂವತ್ತು ವರ್ಷದಲ್ಲಿ ಅದು ಜಿಡಿಪಿಯ ಅರ್ಧದಷ್ಟಾಯಿತು. ಪೌಂಡ್ ಲೆಕ್ಕದಲ್ಲಿ ಸಾಲ ಇಳಿದಿರಲಿಲ್ಲ, ಏರಿತ್ತು. ಆದರೆ ದೇಶದ ಆದಾಯವೂ ಬೆಲೆಗಳೂ ಅದಕ್ಕಿಂತ ಜೋರಾಗಿ ಏರಿದವು. ಬಡ್ಡಿಯನ್ನು ಮಾತ್ರ ಒತ್ತಿ ಹಿಡಿದಿದ್ದರು. ಅಂದರೆ ನಷ್ಟ ಆಗಿದ್ದು ಸಾಲ ಕೊಟ್ಟು ಸುಮ್ನೆ ಕೂತವರಿಗೆ.

ಒಂದು ಬಾಂಡಿನ ಕಥೆ ಹೇಳಿ ಮುಗಿಸುತ್ತೇನೆ. ಮೊದಲ ಮಹಾಯುದ್ಧಕ್ಕೆ ಅಂತ 1917ರಲ್ಲಿ ಬ್ರಿಟನ್ 5 ಪರ್ಸೆಂಟ್ ಬಡ್ಡಿಗೆ ಜನರಿಂದ ಸಾಲ ಎತ್ತಿತು. 1932ರಲ್ಲಿ ದೇಶಭಕ್ತಿಯ ಹೆಸರು ಹೇಳಿ ಬಡ್ಡಿಯನ್ನು ಮೂರೂವರೆಗೆ ಇಳಿಸಿತು, ಬಹುತೇಕರು ಒಪ್ಪಿದರು. ಅಸಲು ವಾಪಸ್ ಬಂದಿದ್ದು 2015ರ ಮಾರ್ಚಿನಲ್ಲಿ. 100 ಪೌಂಡ್ ಬಾಂಡಿಗೆ 100 ಪೌಂಡೇ ಕೊಟ್ಟರು, ಒಂದು ಪೆನ್ನಿಯೂ ಕಡಿಮೆ ಮಾಡಲಿಲ್ಲ.