ರೇಡಿಯಾನ್ ಜೊತೆ ಹಳೆ ಜೀಫೋರ್ಸ್ ಹಾಕಿದರೂ ಫಿಸ್‌ಎಕ್ಸ್ ಓಡುತ್ತಿಲ್ಲ (ಮಿರರ್ಸ್ ಎಡ್ಜ್)

ಮಲ್ಪೆ_ಅಲೆ:
ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಓದುತ್ತಿದ್ದೇನೆ. ಪಿಸಿಯಲ್ಲಿ ಎಎಂಡಿಯ ರೇಡಿಯಾನ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಉಂಟು, ವಿಂಡೋಸ್ 10. ಮಿರರ್ಸ್ ಎಡ್ಜ್ ಆಡುವಾಗ ಫಿಸ್‌ಎಕ್ಸ್ (ಗಾಜು ಒಡೆಯುವುದು, ಬಟ್ಟೆ ಹಾರುವುದನ್ನೆಲ್ಲ ಲೆಕ್ಕ ಹಾಕಿ ತೋರಿಸುವ ತಂತ್ರಾಂಶ) ಆಫ್ ಇದ್ದರೆ ಏನೂ ತೊಂದರೆ ಇಲ್ಲ. ಆನ್ ಮಾಡಿದರೆ ಗಾಜು ಒಡೆದ ಕೂಡಲೇ ಆಟ ತೆವಳಲು ಶುರು. ಅದಕ್ಕೆ ಅಣ್ಣನ ಹಳೆ ಎನ್‌ವಿಡಿಯಾ ಜೀಫೋರ್ಸ್ ಕಾರ್ಡ್, ಜಿಟಿಎಕ್ಸ್ 750 ಟಿಐ ತಂದು ಎರಡನೇ ಸ್ಲಾಟ್‌ಗೆ ಹಾಕಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅದು ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಕಂಡಾಗಲೂ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಯುವುದಿಲ್ಲ, ಆ ಕಾರ್ಡಿಗೆ ಡಿಸ್‌ಪ್ಲೇ ಜೋಡಿಸಿಲ್ಲ ಅನ್ನುತ್ತದೆ. ಎಂತ ಮಾಡುವುದು?

ಹಳೇಕಾರ್ಡ್_ಮಂಗಳೂರು:
ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದಿವೆ. ಕಾರ್ಡ್ ಕಂಡು ಮಾಯವಾಗುವುದಕ್ಕೂ ಫಿಸ್‌ಎಕ್ಸ್‌ಗೂ ಸಂಬಂಧ ಇಲ್ಲ. ಮೊದಲು ಅದನ್ನು ಮುಗಿಸಿ. ಕಾರ್ಡ್ ಇಷ್ಟು ದಿನ ಎಲ್ಲಿತ್ತು?

ಮಲ್ಪೆ_ಅಲೆ:
ಕುಂದಾಪುರದ ಮನೆಯ ಅಟ್ಟದಲ್ಲಿ. ಮಳೆಗಾಲ ಪೂರ್ತಿ ಅಲ್ಲೇ ಇತ್ತು. ಬರೀ ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಕವರ್ ಇರಲಿಲ್ಲ.

ಹಳೇಕಾರ್ಡ್_ಮಂಗಳೂರು:
ಹಾಗಾದರೆ ಹೆಚ್ಚಾಗಿ ಅದೇ ಕಾರಣ. ನಮ್ಮ ಕಡೆಯ ತೇವಕ್ಕೆ, ಉಪ್ಪುಗಾಳಿಗೆ ಸ್ಲಾಟ್‌ಗೆ ಕೂರುವ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗುತ್ತವೆ. ಪಿಸಿ ಆಫ್ ಮಾಡಿ, ಗೋಡೆಯಿಂದ ವೈರ್ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕಾರ್ಡ್ ಹೊರಗೆ ತೆಗೆದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಪ್ಪು ಚುಕ್ಕಿ, ಹಸಿರು ಛಾಯೆ ಕಂಡರೆ ಮೆತ್ತಗಿನ ಪೆನ್ಸಿಲ್ ರಬ್ಬರಿನಿಂದ ಪಟ್ಟಿಯ ಉದ್ದಕ್ಕೆ ಹಗುರವಾಗಿ ಉಜ್ಜಿ, ಅಡ್ಡಕ್ಕೆ ಬೇಡ. ರಬ್ಬರ್ ಪುಡಿ ಪೂರ್ತಿ ಕೊಡವಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಪೂರ್ತಿ ಒಣಗಿದ ಮೇಲೆಯೇ ಸ್ಲಾಟ್‌ಗೆ ಹಾಕಿ. ಉಪ್ಪುಕಾಗದ ಮಾತ್ರ ಮುಟ್ಟಬೇಡಿ, ಚಿನ್ನದ ಲೇಪವೇ ಹೋಗುತ್ತದೆ.

ಮಲ್ಪೆ_ಅಲೆ:
ಅಂಚಿನ ನಾಲ್ಕೈದು ಪಟ್ಟಿ ಕಪ್ಪಾಗಿದ್ದವು. ಉಜ್ಜಿದ ಮೇಲೆ ಪ್ರತಿ ಸಲ ಕಾಣುತ್ತಿದೆ. ತುಂಬಾ ಥ್ಯಾಂಕ್ಸ್! ಕಂಟ್ರೋಲ್ ಪ್ಯಾನೆಲ್ ಮಾತ್ರ ಈಗಲೂ ಅದೇ ರಾಗ.

ಕಾಪು_ದೀಪ:
ಇಷ್ಟೆಲ್ಲ ಕಷ್ಟ ಯಾಕೆ ಮಾರಾಯ್ರೆ? ರೇಡಿಯಾನ್ ಮಾರಿ ಎನ್‌ವಿಡಿಯಾದ್ದೇ ಒಂದು ಹೊಸ ಆರ್‌ಟಿಎಕ್ಸ್ ಕಾರ್ಡ್ ತಗೊಂಡರೆ ಮುಗಿಯಿತಲ್ವಾ?

ಹಳೇಕಾರ್ಡ್_ಮಂಗಳೂರು:
ಹೊಸದು ಅಂದ ಮಾತ್ರಕ್ಕೆ ಹಳೆ ಆಟ ಚೆನ್ನಾಗಿ ಓಡುತ್ತದೆ ಅಂತ ಇಲ್ಲ. 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯಲ್ಲಿ 32 ಬಿಟ್ ‘ಕೂಡಾ’ (CUDA, ಗ್ರಾಫಿಕ್ಸ್ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ಎನ್‌ವಿಡಿಯಾದ ವ್ಯವಸ್ಥೆ) ಬೆಂಬಲ ತೆಗೆದುಬಿಟ್ಟರು. ಅದರ ಜೊತೆಗೆ ಈ ಹಳೆ ಆಟಗಳ ಫಿಸ್‌ಎಕ್ಸ್ ಕೂಡ ಹೋಯಿತು. ಜನ ಸಾವಿರಾರು ರೂಪಾಯಿಯ ಕಾರ್ಡಿನ ಪಕ್ಕದಲ್ಲಿ ಹಳೆ ಜೀಫೋರ್ಸ್ ಸಿಕ್ಕಿಸಬೇಕಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಕೆಲವು ಆಟಗಳಿಗೆ ಮಾತ್ರ ಡ್ರೈವರ್ ಮೂಲಕ ವಾಪಸ್ ಕೊಟ್ಟರು. ಕೈಯಲ್ಲಿ 750 ಟಿಐ ಇರುವಾಗ ಖರ್ಚು ಬೇಡ. ಅದು 60 ವ್ಯಾಟ್‌ನ ಕಾರ್ಡ್, ಹೆಚ್ಚಿನ ಮಾಡೆಲ್‌ಗಳಿಗೆ ಬೇರೆ ಪವರ್ ವೈರ್ ಕೂಡ ಬೇಡ.

ರೇಡಿಯಾನ್‌ನಲ್ಲಿ ಯಾಕೆ ಆಗುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ, ಇಲ್ಲಿ ಪದೇ ಪದೇ ಬರುವ ಪ್ರಶ್ನೆ. ರೇಡಿಯಾನ್‌ಗೆ ಶಕ್ತಿ ಕಡಿಮೆ ಅಂತಲ್ಲ. ಫಿಸ್‌ಎಕ್ಸ್ ಮೊದಲು ಅಜೀಯಾ ಕಂಪನಿಯದ್ದು. ಅದಕ್ಕೆಂದೇ ಬೇರೆ ಕಾರ್ಡ್ ಮಾರುತ್ತಿದ್ದರು. 2008ರಲ್ಲಿ ಎನ್‌ವಿಡಿಯಾ ಕೊಂಡುಕೊಂಡು ಅದನ್ನು ‘ಕೂಡಾ’ ಮೇಲೆ ಕೂರಿಸಿತು. ‘ಕೂಡಾ’ ಓಡುವುದು ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಮಾತ್ರ. ರೇಡಿಯಾನ್ ಮಾತ್ರ ಇದ್ದರೆ ಲೆಕ್ಕವೆಲ್ಲ ಸಿಪಿಯು (ಪಿಸಿಯ ಮುಖ್ಯ ಪ್ರೊಸೆಸರ್) ತಲೆಗೆ ಬೀಳುತ್ತದೆ. ಆ ಕಾಲದ ಫಿಸ್‌ಎಕ್ಸ್ 2 ಸಿಪಿಯು ಮೇಲೆ ಎಕ್ಸ್87 ಅನ್ನುವ ಹಳೆ, ನಿಧಾನದ ಸೂಚನೆಗಳನ್ನು ಬಳಸುತ್ತಿತ್ತು, ಅದೂ ಹೆಚ್ಚಾಗಿ ಒಂದೇ ಥ್ರೆಡ್‌ನಲ್ಲಿ, ಅಂದರೆ ಕೆಲಸ ಹಂಚದೆ ಒಂದೇ ಸಾಲಿನಲ್ಲಿ. 2010ರಲ್ಲಿ ಚಿಪ್ ವಿಶ್ಲೇಷಕ ಡೇವಿಡ್ ಕ್ಯಾಂಟರ್ ಇದನ್ನು ಬಿಡಿಸಿ ತೋರಿಸಿದರು. ಹಾಗಾಗಿ ಇವತ್ತಿನ ಎಂಟು ಕೋರ್ ಪ್ರೊಸೆಸರ್‌ನಲ್ಲೂ ಒಂದೇ ಕೋರ್ ಬೆವರುತ್ತದೆ, ಉಳಿದವು ಸುಮ್ನೆ ಕೂತಿರುತ್ತವೆ. ನನಗೆ ನಿಜಕ್ಕೂ ಬೇಜಾರಾಗುವುದು ಇನ್ನೊಂದು ವಿಷಯಕ್ಕೆ. 2009ರಲ್ಲಿ ಎನ್‌ವಿಡಿಯಾದವರು, ಪಿಸಿಯಲ್ಲಿ ಬೇರೆ ಬ್ರಾಂಡಿನ ಕಾರ್ಡ್ ಕಂಡರೆ ಫಿಸ್‌ಎಕ್ಸನ್ನೇ ಆಫ್ ಮಾಡುವ ಡ್ರೈವರ್ ಬಿಟ್ಟರು. ಹಣ ಕೊಟ್ಟು ಜೀಫೋರ್ಸ್ ತಂದವನಿಗೂ ಅದನ್ನು ಬಳಸುವ ಹಕ್ಕಿಲ್ಲ ಅಂದ ಹಾಗಾಯಿತು. ಹವ್ಯಾಸಿಗಳು ಪ್ಯಾಚ್ ಬರೆದು ದಾರಿ ಮಾಡಿಕೊಂಡರು.

ಈಗ ನಿಮ್ಮ ಕೆಲಸ. ಪ್ಯಾನೆಲ್‌ಗೆ ಬೇಕಾಗಿರುವುದು ಜೀಫೋರ್ಸ್‌ನಲ್ಲಿ ಒಂದು ಡಿಸ್‌ಪ್ಲೇ. ಮಾನಿಟರ್‌ನಲ್ಲಿ ಇನ್ನೊಂದು ಇನ್‌ಪುಟ್ ಖಾಲಿ ಇದ್ದರೆ 750 ಟಿಐಯಿಂದ ಒಂದು ಕೇಬಲ್ ಅಲ್ಲಿಗೆ ಕೊಡಿ. ರೇಡಿಯಾನ್‌ನದ್ದೇ ಮುಖ್ಯ ಡಿಸ್‌ಪ್ಲೇ ಆಗಿರಲಿ. ಪ್ಯಾನೆಲ್‌ನಲ್ಲಿ ಫಿಸ್‌ಎಕ್ಸ್ ಪ್ರೊಸೆಸರ್ ಅನ್ನುವ ಕಡೆ ಆಟೋ ಬಿಟ್ಟು 750 ಟಿಐ ಆರಿಸಿ. ಮೇಲಿನ ಮೆನುವಿನಲ್ಲಿ ಫಿಸ್‌ಎಕ್ಸ್ ವಿಷುವಲ್ ಇಂಡಿಕೇಟರ್ ಆನ್ ಮಾಡಿ. ಆಟದೊಳಗೆ ಲೆಕ್ಕ ನಡೆಯುವುದು ಎಲ್ಲಿ ಅಂತ, ಸಿಪಿಯು ಅಥವಾ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಅಂತ ಬರೆದು ತೋರಿಸುತ್ತದೆ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ನೋಡಿ ಊಹೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಮಲ್ಪೆ_ಅಲೆ:
ಪ್ಯಾನೆಲ್ ತೆರೆಯಿತು, 750 ಟಿಐ ಆರಿಸಿದೆ. ಆದರೆ ಆಟದಲ್ಲಿ ಸಿಪಿಯು ಅಂತಲೇ ತೋರಿಸುತ್ತಿದೆ.

ಹಳೇಕಾರ್ಡ್_ಮಂಗಳೂರು:
ಮಿರರ್ಸ್ ಎಡ್ಜ್ ತನ್ನದೇ ಹಳೆ ಫಿಸ್‌ಎಕ್ಸ್ ಫೈಲ್‌ಗಳನ್ನು ಜೊತೆಗೇ ತರುತ್ತದೆ. ಆಟದ ಬೈನರೀಸ್ ಫೋಲ್ಡರ್‌ನಲ್ಲಿ ಫಿಸ್‌ಎಕ್ಸ್‌ಕೋರ್, ಫಿಸ್‌ಎಕ್ಸ್‌ಡಿವೈಸ್ ಅನ್ನುವ ಎರಡು ಡಿಎಲ್‌ಎಲ್ ಇರುತ್ತವೆ. ಡಿಲೀಟ್ ಬೇಡ, ಹೆಸರು ಬದಲಾಯಿಸಿ. ಆಗ ಆಟ ವಿಂಡೋಸ್‌ನಲ್ಲಿ ಹಾಕಿರುವ ಫಿಸ್‌ಎಕ್ಸನ್ನು ಹುಡುಕಿಕೊಂಡು ಹೋಗುತ್ತದೆ.

ಮಲ್ಪೆ_ಅಲೆ:
ಬಂತು! ಜಿಪಿಯು ಅಂತ ಹಸಿರಲ್ಲಿ ತೋರಿಸುತ್ತಿದೆ. ಗುಂಡು ಬಿದ್ದು ಗಾಜು ಚೂರುಚೂರಾಗಿ ನೆಲಕ್ಕೆ ಹರಡಿದರೂ ಆಟ ನಿಲ್ಲುತ್ತಿಲ್ಲ. ಬಟ್ಟೆಯ ಬ್ಯಾನರ್ ಹರಿದು ತೂಗುವುದನ್ನು ಇವತ್ತೇ ನೋಡಿದ್ದು. ಬಾರ್ಡರ್‌ಲ್ಯಾಂಡ್ಸ್ 2 ಆಟಕ್ಕೂ ಹೀಗೇ ಮಾಡಲಾ?

ಹಳೇಕಾರ್ಡ್_ಮಂಗಳೂರು:
ತುಂಬಾ ಖುಷಿಯಾಯಿತು. ಬೇರೆ ಆಟಗಳಲ್ಲಿ ಮೊದಲು ಇಂಡಿಕೇಟರ್ ನೋಡಿ. ಜಿಪಿಯು ಅಂತ ಬಂದರೆ ಯಾವ ಫೈಲೂ ಮುಟ್ಟಬೇಡಿ. ಈಗ ಕೆಲಸ ಮಾಡುತ್ತಿರುವ ಎನ್‌ವಿಡಿಯಾ ಡ್ರೈವರ್‌ನ ಇನ್‌ಸ್ಟಾಲರ್ ಒಂದು ಕಡೆ ಉಳಿಸಿಡಿ. ಎರಡು ಬ್ರಾಂಡ್ ಒಟ್ಟಿಗೆ ಓಡಿಸುವುದಕ್ಕೆ ಅವರ ಅಧಿಕೃತ ಬೆಂಬಲ ಇಲ್ಲ. ಹೊಸ ಡ್ರೈವರ್ ಹಾಕಿ ನಿಂತುಹೋದರೆ ಹಿಂದಿನದ್ದೇ ಬೇಕಾಗುತ್ತದೆ.