14 ತಿಂಗಳು, 7,200 ಕಿ.ಮೀ.: ಸರ್ವಿಸ್ ಈಗಲೇ ಮಾಡಿಸಬೇಕಾ?

ಚೆಂಬೂರ್ ವಾಸಿ
ನಮಸ್ಕಾರ. 2022ರ ಹ್ಯಾಚ್‌ಬ್ಯಾಕ್, 1.2 ಲೀಟರ್ ಪೆಟ್ರೋಲ್, ಸಿಎನ್‌ಜಿ ಕಂಪನಿಯಿಂದಲೇ ಬಂದದ್ದು. ಹಿಂದಿನ ಸರ್ವಿಸ್ ಆಗಿ 14 ತಿಂಗಳು, ಓಡಿದ್ದು 7,200 ಕಿ.ಮೀ. ದಿನಾ ಬಿಕೆಸಿಗೆ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್), ಒಂದು ಕಡೆಗೆ 8 ಕಿ.ಮೀ., ಟ್ರಾಫಿಕ್‌ನಲ್ಲಿ 40 ನಿಮಿಷ. ಮ್ಯಾನ್ಯುಯಲ್‌ನಲ್ಲಿ 10,000 ಕಿ.ಮೀ. ಅಂತ ಇದೆ, ಅಲ್ಲಿವರೆಗೆ ಕಾಯಬಹುದಾ? ಚೌತಿಗೆ ಉಡುಪಿಗೆ ಹೋಗಲಿಕ್ಕಿದೆ. ಎಸ್ಟಿಮೇಟ್‌ನಲ್ಲಿ ಎಂಜಿನ್ ಫ್ಲಶ್ (ಒಳಗೆ ತೊಳೆಯುವುದು), ಇಂಜೆಕ್ಟರ್ ಕ್ಲೀನಿಂಗ್, ಅಂಡರ್‌ಬಾಡಿ ಕೋಟಿಂಗ್ ಎಲ್ಲ ಸೇರಿಸಿದ್ದಾರೆ. ಯಾವುದು ಬಿಡಬಹುದು?

ಮುಲುಂಡ್ ಸ್ಪ್ಯಾನರ್
ಆ ಸಾಲನ್ನು ಪೂರ್ತಿ ಓದಿ ಮಾರಾಯ್ರೆ. 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ನಿಮ್ಮದು ಎರಡು ತಿಂಗಳು ದಾಟಿದೆ.

ಮುಂಬೈಯಲ್ಲಿ ಕಿಲೋಮೀಟರಿಗಿಂತ ಗಂಟೆ ಲೆಕ್ಕ ಹಾಕುವುದು ಒಳ್ಳೆಯದು. 8 ಕಿ.ಮೀ.ಗೆ 40 ನಿಮಿಷ ಅಂದರೆ ಗಂಟೆಗೆ 12 ಕಿ.ಮೀ. ಹೀಗೆ 5,000 ಕಿ.ಮೀ. ಓಡುವಷ್ಟರಲ್ಲಿ ಎಂಜಿನ್ 417 ಗಂಟೆ ತಿರುಗಿರುತ್ತದೆ. ಹೈವೇಯಲ್ಲಿ 60ರ ಸರಾಸರಿಯಲ್ಲಿ 10,000 ಕಿ.ಮೀ. ಓಡಿದ ಕಾರಿಗೆ ಬರೀ 167 ಗಂಟೆ. ಸಿಗ್ನಲ್‌ನಲ್ಲಿ ನಿಂತದ್ದು ಮೀಟರಿಗೆ ಗೊತ್ತಾಗುವುದಿಲ್ಲ, ಆಯಿಲ್‌ಗೆ ಗೊತ್ತಾಗುತ್ತದೆ.

ಈ ಗಾತ್ರದ ಎಂಜಿನ್‌ಗೆ ಹೆಚ್ಚಾಗಿ 3ರಿಂದ 3.5 ಲೀಟರ್ ಆಯಿಲ್ ಸಾಕು. ಗ್ರೇಡ್ ಮ್ಯಾನ್ಯುಯಲ್‌ನಲ್ಲಿ ಇದ್ದದ್ದೇ ಹಾಕಿಸಿ. 0W-20 ಅಂತ ಬರೆದಿದ್ದರೆ, ದಪ್ಪ ಇರಲಿ ಅಂತ 20W-50 ಬೇಡ. ಫಿಲ್ಟರ್, ಡ್ರೇನ್ ಬೋಲ್ಟಿನ ವಾಷರ್ ಎರಡೂ ಹೊಸದು. ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿ ತುಂಬಿದರೆ ಕೆಳಗೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಪ್ರೆಶರ್ ಬೀಳುತ್ತದೆ.

ಫ್ಲಶ್ ಬೇಡ. ಆಯಿಲ್ ಕಪ್ಪಾಗಿದೆ ಅಂತ ಹೆದರಿಸುತ್ತಾರೆ, ಆದರೆ ಕೊಳೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಐಡಲ್‌ನಲ್ಲಿ ನಡುಕ, ಮಿಸ್‌ಫೈರ್ ಇಲ್ಲದಿದ್ದರೆ ಇಂಜೆಕ್ಟರ್ ಮುಟ್ಟಿಸಬೇಡಿ. ಕೋಟಿಂಗ್ ಮಳೆಗಾಲದಲ್ಲಂತೂ ಬೇಡವೇ ಬೇಡ: ಒದ್ದೆ ಕೆಸರಿನ ಮೇಲೆ ಹೊಡೆದರೆ ತುಕ್ಕು ಒಳಗೊಳಗೇ ತಿನ್ನುತ್ತದೆ. ಅದರ ಬದಲು ಬಾಗಿಲ ಕೆಳ ಅಂಚಿನ ನೀರು ಹೋಗುವ ತೂತುಗಳನ್ನು ಬಿಡಿಸಿಡಿ.

ಪುಣೆ ಘಾಟ್
ಎಸ್ಟಿಮೇಟ್‌ನ್ಯಾಗ ಬ್ರೇಕ್ ಫ್ಲೂಯಿಡ್ ಇಲ್ಲಲ್ರೀ? ಘಾಟ್ ಇಳಿಯೂ ಗಾಡಿಗೆ ಮೊದಲ ಅದನ್ನ ನೋಡಬೇಕು. ಅದು ಗಾಳಿಯೊಳಗಿನ ಪಸೆ ಹೀರ್ತದ, ಮುಂಬೈ ಹವಾದಾಗ ಕೇಳೂದ ಬ್ಯಾಡ. ಡಾಟ್ 4 ಅನ್ನೂ ದರ್ಜೆದ ಫ್ಲೂಯಿಡ್ ಹೊಸಾದು ಕುದಿಯೂದು ಕನಿಷ್ಠ 230 ಡಿಗ್ರಿಗೆ, ನೀರು ಹೀರಿದ ಮ್ಯಾಲ ಆ ಮಟ್ಟ 155ಕ್ಕ ಇಳೀತದ. ಇಳಿಜಾರಿನ್ಯಾಗ ಒಂದ ಸವನ ಬ್ರೇಕ್ ಒತ್ತಿದ್ರ ಗಾಲಿ ಹಿಡಿಯೂ ಕ್ಯಾಲಿಪರ್‌ನ್ಯಾಗ ಆವಿ ಆಗಿ ಪೆಡಲ್ ಮೆತ್ತಗ ಕೆಳಗ ಹೋಗ್ತದ.

ಎರಡು ವರ್ಷಕ್ಕೊಮ್ಮೆ ಬದಲಿ ಮಾಡಸ್ರಿ, ಒಂದು ಲೀಟರ್‌ನ್ಯಾಗ ಮುಗೀತದ. ಬರೇ ಮ್ಯಾಲಿನ ಡಬ್ಬಿಯಿಂದ ಸಿರಿಂಜ್‌ಲೆ ತಗದು ಹೊಸಾದು ಹಾಕಿದ್ರ ಉಪಯೋಗಿಲ್ಲ, ಕ್ಯಾಲಿಪರ್‌ನ್ಯಾಗ ಹಳೇದ ಉಳೀತದ. ನಾಕೂ ಗಾಲಿ ಬ್ಲೀಡ್ ಆಗಬೇಕು (ಹಳೇ ಫ್ಲೂಯಿಡ್ ಪೂರ್ತಿ ಹೊರಗ ಬರಬೇಕು), ನಿಂತು ನೋಡ್ರಿ. ಇಳಿಯೂ ಮುಂದ ಸೆಕೆಂಡ್, ಥರ್ಡ್ ಗೇರ್.

ಪನ್ವೇಲ್ ಸಿಎನ್‌ಜಿ
ಸಿಲಿಂಡರ್‌ನ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ಪರೀಕ್ಷೆ) 3 ವರ್ಷಕ್ಕೊಮ್ಮೆ ಕಡ್ಡಾಯ. 2022ರ ಗಾಡಿ, ಅವಧಿ ಮುಗಿದಿರಬಹುದು. ಪ್ಲೇಟ್ ಮೇಲಿನ ದಿನಾಂಕ ಈಗಲೇ ನೋಡಿ. ಸ್ಪಾರ್ಕ್ ಪ್ಲಗ್ ಗ್ಯಾಪ್ ಕೂಡ ಅಳೆಸಿ, ಗ್ಯಾಸಿಗೆ ಕಿಡಿ ಜೋರಾಗಿಯೇ ಬೇಕು.

ಚೆಂಬೂರ್ ವಾಸಿ
ಥ್ಯಾಂಕ್ಸ್. ಆಯಿಲ್ ಕ್ಯಾಪ್ ತೆಗೆದು ನೋಡಿದೆ, ಒಳಗೆ ಕೆನೆಯಂಥದ್ದು ಅಂಟಿದೆ. ಹೆಡ್ ಗ್ಯಾಸ್ಕೆಟ್ (ಕೂಲಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಸೀಲ್) ಹೋಗಿದೆಯಾ?

ಮುಲುಂಡ್ ಸ್ಪ್ಯಾನರ್
ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿಯೂ ಹಾಲು ಹಾಕಿದ ಚಹಾದ ಬಣ್ಣ, ಜೊತೆಗೆ ಕೂಲಂಟ್ ಇಳಿಯುತ್ತಿದ್ದರೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಕ್ಯಾಪ್‌ನಲ್ಲಿ ಮಾತ್ರ ಇದ್ದರೆ ಅದು ಒಳಗೆ ಕಟ್ಟಿದ ನೀರಿನ ಪಸೆ. ಸಿಎನ್‌ಜಿ ಉರಿದಾಗ ನೀರಾವಿ ಪೆಟ್ರೋಲಿಗಿಂತ ಹೆಚ್ಚು, ಎಂಜಿನ್ ಚೆನ್ನಾಗಿ ಬಿಸಿಯಾಗದಿದ್ದರೆ ಅದು ಹೊರಗೆ ಹೋಗುವುದಿಲ್ಲ. ಕ್ಯಾಪ್ ಒರೆಸಿ, ಆಯಿಲ್ ಬದಲಿಸಿದ ಮೇಲೆ ಭಾನುವಾರ ಬೆಳಿಗ್ಗೆ ಈಸ್ಟರ್ನ್ ಫ್ರೀವೇಯಲ್ಲಿ ಹೋಗಿ ಬನ್ನಿ. ವಾರ ಬಿಟ್ಟು ಮತ್ತೆ ಕ್ಯಾಪ್ ತೆಗೆದು ನೋಡಿ.