ಚಿಕ್ಕ ಬೇಸಿಗೆ, ಬೇಗ ಹಣ್ಣಾಗುವ ಟೊಮೆಟೊ: ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಸಸಿ ನರ್ಸರಿ ನಡೆಸುವ ಶಾಲಿನಿ ಮೇಡಂ ಇವತ್ತು ಬಿಡುವಿದ್ದಾಗೆಲ್ಲ ಉತ್ತರ ಕೊಡ್ತಾರೆ. ವಿಷಯ: ಬೆಚ್ಚಗಿನ ದಿನಗಳು ಮೂರೇ ತಿಂಗಳಿರುವ ಕಡೆ ಟೊಮೆಟೊ. ದಯವಿಟ್ಟು ಫಾರ್ವರ್ಡ್ ಬೇಡ.

ವಿನಯ್: ನಮಸ್ಕಾರ ಮೇಡಂ. ಪ್ಯಾಕೆಟ್ ಮೇಲೆ 55 ದಿನ ಅಂತಿದೆ. ಬೀಜ ಹಾಕಿದ 55 ದಿನಕ್ಕೆ ಹಣ್ಣು ಬರುತ್ತಾ?

ಶಾಲಿನಿ: ನಮಸ್ಕಾರ. ಇಲ್ಲ, ಆ ಲೆಕ್ಕ ನಾಟಿ ಮಾಡಿದ ದಿನದಿಂದ. ಅದಕ್ಕೂ ಮೊದಲು ಮನೆಯೊಳಗೆ ಸಸಿ ಬೆಳೆಸೋಕೆ 6ರಿಂದ 8 ವಾರ ಬೇಕು. ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ) ಭಯ ಮುಗಿಯುವ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತನೆ ಮಾಡಿ. ಮೊಳಕೆಗೆ ಮಣ್ಣು 21–27 ಡಿಗ್ರಿ ಇರಲಿ. ಮೊಳೆತ ಮೇಲೆ ದಿನಕ್ಕೆ 14–16 ಗಂಟೆ ಟ್ಯೂಬ್‌ಲೈಟ್ ಬೆಳಕು, ಎಲೆಗಿಂತ 5–10 ಸೆಂ.ಮೀ. ಎತ್ತರದಲ್ಲಿ. ಬರೀ ಕಿಟಕಿ ಬೆಳಕು ನಂಬಿದರೆ ಸಸಿ ಸಣಕಲಾಗಿ ಉದ್ದ ಎಳೆಯುತ್ತೆ. ನಾಟಿಗೆ ಮುಂಚೆ 7–10 ದಿನ ಸ್ವಲ್ಪ ಸ್ವಲ್ಪವೇ ಹೊರಗಿನ ಗಾಳಿ, ಬಿಸಿಲಿಗೆ ಒಗ್ಗಿಸಿ.

ಪದ್ಮಾ: ಯಾವ ತಳಿ ಹಾಕಲಿ ಮೇಡಂ? ಕುಂಡ ಎಷ್ಟು ಲೀಟರ್‌ದು ಬೇಕು?

ಶಾಲಿನಿ: ಸಬ್‌ಆರ್ಕ್ಟಿಕ್ ಪ್ಲೆಂಟಿ, ಗ್ಲೇಸಿಯರ್, ಅರ್ಲಿ ಗರ್ಲ್. ಚೆರ್ರಿ ಬೇಕಾದರೆ ಸನ್‌ಗೋಲ್ಡ್. ರಾತ್ರಿ ತೀರಾ ತಣ್ಣಗಿದ್ದರೆ ಓರೆಗಾನ್ ಸ್ಪ್ರಿಂಗ್ ನೋಡಿ, ಅದು ಪರಾಗಸ್ಪರ್ಶ ಆಗದಿದ್ದರೂ ಕಾಯಿ ಕಚ್ಚುತ್ತೆ. ಅಂಗೈ ತುಂಬುವ ದೊಡ್ಡ ಜಾತಿಗಳ ಆಸೆ ಬಿಡಿ.

ಗಿರೀಶ್: ಮೇಡಂ, ನಾಟಿ ಮಾಡಿ ಮೂರು ವಾರ ಆಯ್ತು. ಸಸಿ ನಿಂತಲ್ಲೇ ನಿಂತಿದೆ. ಎಲೆ ಅಡಿಭಾಗ ನೇರಳೆ. ರಂಜಕ ಕಮ್ಮಿ ಅಂತ ಓದಿ ಎರಡು ಸಲ ಡಿಎಪಿ ರಂಜಕದ ಗೊಬ್ಬರ ಕೊಟ್ಟೆ, ಗಿಡಕ್ಕೆ ಒಂದೊಂದು ಹಿಡಿ. ಈಗ ಎಲೆಯಂಚು ಸುಡ್ತಿದೆ. ಬಂದ ಹೂವೂ ಉದುರಿತು. ರಾತ್ರಿ 8–9 ಡಿಗ್ರಿ ಇರುತ್ತೆ. ಬುಡಕ್ಕೆ ಒಣಹುಲ್ಲು ದಪ್ಪಗೆ ಹೊದಿಸಿದ್ದೀನಿ.

ಶಾಲಿನಿ: ಗಿರೀಶ್, ಇನ್ನು ಒಂದು ಕಾಳು ಗೊಬ್ಬರವೂ ಹಾಕಬೇಡಿ. ಮಣ್ಣಲ್ಲಿ ರಂಜಕ ಇಲ್ಲ ಅಂತಲ್ಲ, ತಣ್ಣಗಿರುವ ಬೇರಿಗೆ ಅದನ್ನು ಎಳೆದುಕೊಳ್ಳೋಕೆ ಆಗ್ತಿಲ್ಲ. ನಾಟಿ ಹೊತ್ತಿಗೆ ಮಣ್ಣು ಕನಿಷ್ಠ 15–16 ಡಿಗ್ರಿ ಇರಬೇಕಿತ್ತು. ನೀವು ಹುಲ್ಲು ಹೊದಿಸಿ ಬಿಸಿಲನ್ನೂ ತಡೆದಿದ್ದೀರಿ. ಹುಲ್ಲು ಒಳ್ಳೆಯದೇ, ಆದರೆ ಮಣ್ಣು ಕಾದ ಮೇಲೆ. ಎಲೆಯಂಚು ಸುಟ್ಟಿರೋದು ಡಿಎಪಿಯ ಉಪ್ಪಿನಿಂದ. ಹಿಡಿಗಟ್ಟಲೆ ಹಾಕುವ ವಸ್ತುವಲ್ಲ ಅದು.

ಮೊದಲು ನಾಳೆ ಬಿಸಿಲೇರುವ ಮುಂಚೆ 10 ಸೆಂ.ಮೀ. ಆಳಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಿ. ಹುಲ್ಲು ಪೂರ್ತಿ ತೆಗೀರಿ, ಮೇಲೆ ಕಾಣುವ ಗೊಬ್ಬರದ ಕಾಳು ಆರಿಸಿ ಎಸೆಯಿರಿ. ಬಿಸಿಲಲ್ಲಿ ಇಟ್ಟ ನೀರನ್ನು ಮಧ್ಯಾಹ್ನದ ಹೊತ್ತು ಗಿಡಕ್ಕೆ ಸುಮಾರು 10 ಲೀಟರ್ ನಿಧಾನಕ್ಕೆ ಬಿಡಿ, ಉಪ್ಪು ಬೇರಿನಿಂದ ಕೆಳಗಿಳಿಯಲಿ. ನೀರು ಇಂಗದೆ ನಿಲ್ಲುವ ಮಣ್ಣಾದರೆ ಇದನ್ನು ಮಾಡಬೇಡಿ, ಬೇರು ಕೊಳೆಯುತ್ತೆ. ಆಮೇಲೆ ಎರಡು ಬೆರಳ ಗೆಣ್ಣಿನಷ್ಟು ಆಳ ಒಣಗುವ ತನಕ ನೀರು ಬೇಡ.

ನಂತರ ಕಪ್ಪು ಮಲ್ಚಿಂಗ್ ಶೀಟ್, ಅಂದರೆ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ. ಮಣ್ಣಿಗೆ ಅಂಟಿದಂತೆ ಎಳೆದು ಅಂಚನ್ನು ಹೂಳಿ. ನಡುವೆ ಗಾಳಿ ಉಳಿದರೆ ಶೀಟ್ ಕಾಯುತ್ತೆ, ಮಣ್ಣು ಕಾಯಲ್ಲ. ಮೇಲೆ ಕಮಾನು ಕಡ್ಡಿ ನೆಟ್ಟು ರಾತ್ರಿ ಹೊದಿಕೆ ಹಾಕಿ. ಒಳಗೆ 30 ಡಿಗ್ರಿ ದಾಟುವ ಮೊದಲೇ ತೆರೆಯಬೇಕು, ಮರೆತರೆ ಒಂದೇ ಮಧ್ಯಾಹ್ನಕ್ಕೆ ಗಿಡ ಬೇಯುತ್ತೆ.

ಹೂ ಉದುರಿದ್ದಕ್ಕೆ ಚಿಂತೆ ಬೇಡ. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸರಿಯಾಗಿ ಕೆಲಸ ಮಾಡಲ್ಲ. ಹಳೆ ಎಲೆ ನೇರಳೆಯಾಗೇ ಉಳಿಯಬಹುದು, ಹೊಸ ಎಲೆ ಹಸಿರಾಗಿ ಬರ್ತಿದೆಯಾ ಅದನ್ನು ನೋಡಿ. ಮೊದಲ ಕಾಯಿಗಳು ಸೊಟ್ಟಗೆ, ಬಿರುಕು ಗಾಯದ ಗುರುತಿನೊಂದಿಗೆ ಬಂದರೆ ಅದು ಮೊಗ್ಗಿಗೆ ತಾಗಿದ ಚಳಿ, ರೋಗವಲ್ಲ. ಕಾಂಡದ ಬುಡ ಕಂದಾಗಿ ಮೆತ್ತಗಾಗಿದ್ದರೆ ಮಾತ್ರ ಕಿತ್ತು ಬೇರೆ ಸಸಿ ನೆಡಿ.

ಶ್ರೀಧರ: ಇದು ನೋಡಿ ಎಲ್ಲರೂ 👇 "ಎಪ್ಸಮ್ ಸಾಲ್ಟ್ 2 ಚಮಚ + ಹಾಲು 1 ಲೋಟ + ಆಸ್ಪಿರಿನ್ 1 ಮಾತ್ರೆ. ವಾರಕ್ಕೊಮ್ಮೆ ಬುಡಕ್ಕೆ ಹಾಕಿ. ತುದಿ ಕೊಳೆ ಮಾಯ, ಹತ್ತೇ ದಿನದಲ್ಲಿ ಹಣ್ಣು ಕೆಂಪು!"

ಶಾಲಿನಿ: ಹಾಕಬೇಡಿ. ಕಾಯಿಯ ತುದಿ ಕಪ್ಪಾಗಿ ಕೊಳೆಯೋದು ಅಲ್ಲಿಗೆ ಕ್ಯಾಲ್ಸಿಯಂ ತಲುಪದೆ, ಹೆಚ್ಚಿನ ಸಲ ನೀರು ಒಂದು ದಿನ ಜಾಸ್ತಿ ಒಂದು ದಿನ ಇಲ್ಲ ಅನ್ನುವ ಹಾಗೆ ಕೊಡೋದ್ರಿಂದ. ಎಪ್ಸಮ್ ಸಾಲ್ಟ್‌ನ ಮೆಗ್ನೀಸಿಯಂ ಕ್ಯಾಲ್ಸಿಯಂಗೇ ಅಡ್ಡ ಬಂದು ಕೊಳೆ ಇನ್ನೂ ಹೆಚ್ಚಬಹುದು. ಹಾಲು ಹುಳಿಯಾಗಿ ನಾರುತ್ತೆ. ಆಸ್ಪಿರಿನ್‌ನಿಂದ ಕಾಯಿ ಹಣ್ಣಾಗಲ್ಲ.

ಶ್ರೀಧರ: ಸಾವಿರಾರು ಜನ ಶೇರ್ ಮಾಡಿದ್ದಾರೆ ಮೇಡಂ.

ಶಾಲಿನಿ: ಶೇರ್ ಮಾಡಿದ್ದಾರೆ, ಬೆಳೆದು ತೋರಿಸಿಲ್ಲ.

ಲಕ್ಷ್ಮಿ: 55 ದಿನ ಅಂದ್ರೆ ಬೀಜ ಹಾಕಿದ ದಿನದಿಂದನಾ?

ಶಾಲಿನಿ: ಮೇಲೆ ಓದಿ.

ರಶ್ಮಿ: ಕಂಕುಳ ಚಿಗುರು (ಎಲೆ ಕಾಂಡ ಸೇರುವ ಕಡೆ ಬರೋದು) ಎಲ್ಲಾ ತೆಗೆದುಬಿಡಿ, ಬೇಗ ಹಣ್ಣಾಗುತ್ತೆ. ಎಲೆನೂ ಸವರಿ, ಕಾಯಿಗೆ ಬಿಸಿಲು ಬಿದ್ದರೇನೇ ಕೆಂಪು.

ಮಹೇಶ: ರಶ್ಮಿ ಅವರೇ, ಅರ್ಧ ಸರಿ ಅರ್ಧ ತಪ್ಪು. ಪೊದೆ ಜಾತಿಗೆ ಚಿಗುರು ತೆಗೆದರೆ ಫಸಲೇ ಹೋಯ್ತು. ಬಳ್ಳಿ ಹಾಗೆ ಏರುವ ಜಾತಿಗೆ ಮಾತ್ರ ಆ ಕೆಲಸ. ಬಣ್ಣ ಕೊಡೋದು ಶಾಖ, ಬಿಸಿಲಲ್ಲ. 20–24 ಡಿಗ್ರಿಯಲ್ಲಿ ಕೆಂಪು ಚೆನ್ನಾಗಿ ಬರುತ್ತೆ, 30 ದಾಟಿದರೆ ಹಳದಿ ಕಿತ್ತಳೆಯಲ್ಲೇ ನಿಲ್ಲುತ್ತೆ.

ರಶ್ಮಿ: ನನ್ನ ಗಿಡ ನಾನು ನೋಡಿಲ್ವಾ? ಎಲೆ ತೆಗೆದ ಕಡೆನೇ ಮೊದಲು ಹಣ್ಣಾಗೋದು.

ಮಹೇಶ: ಕೆಳಗಿನ ಗೊಂಚಲು ಮೊದಲು ಕಚ್ಚಿದ್ದು, ಮೊದಲು ಹಣ್ಣಾಗುತ್ತೆ. ನೀವು ಎಲೆ ತೆಗೆಯೋದೂ ಅಲ್ಲೇ.

ರಶ್ಮಿ: ಹಾಗಾದ್ರೆ ನೀವೇ ಉತ್ತರ ಕೊಡ್ರೀ, ಮೇಡಂ ಯಾಕೆ?

ಶಾಲಿನಿ: ಮಹೇಶ್ ಹೇಳಿದ್ದು ಸರಿ. ನೆಲಕ್ಕೆ ತಾಗುವ ಎಲೆ, ಹಳದಿ ಎಲೆ ತೆಗೆದರೆ ಸಾಕು. ನೆರಳಲ್ಲಿದ್ದ ಕಾಯನ್ನು ಒಮ್ಮೆಲೇ ಬಿಸಿಲಿಗೆ ಬಿಟ್ಟರೆ ಬಿಳಿಚಿ ಸುಡುತ್ತೆ. ನಿಜಕ್ಕೂ ಬೇಗ ಆಗಬೇಕಾದರೆ, ಏರುವ ಜಾತಿಯ ತುದಿಯನ್ನು ಮೊದಲ ಫ್ರಾಸ್ಟ್‌ಗೆ 4–6 ವಾರ ಇರುವಾಗ ಚಿವುಟಿ. ಕಾಯಿ ಕಚ್ಚಿ ಹಣ್ಣಾಗೋಕೆ 40–50 ದಿನ, ಚಳಿಯಲ್ಲಿ ಇನ್ನೂ ಜಾಸ್ತಿ. ಆ ಹೊತ್ತಿಗೆ ಅರಳುವ ಹೂ ಹೇಗೂ ಹಣ್ಣಾಗಲ್ಲ.

ಪದ್ಮಾ: ಕುಂಡದ್ದು ಯಾರೂ ಹೇಳಲೇ ಇಲ್ಲ.

ಮಂಜುಳಾ: ಬಿಳಿನೊಣಕ್ಕೆ ಏನು ಮಾಡೋದು? ಮತ್ತೆ ಕೊನೆಗೆ ಉಳಿಯುವ ಹಸಿರು ಕಾಯಿ? ನಮ್ಮ ಅತ್ತೆ ಕಾರ್ಬೈಡ್ ಇಡಿ ಅಂತಾರೆ.

ಶಾಲಿನಿ: ಕಾರ್ಬೈಡ್ ಮನೆಯೊಳಗೇ ತರಬೇಡಿ. ಅದರಿಂದ ಬರುವ ಅನಿಲಕ್ಕೆ ಬೆಂಕಿ ತಗುಲುತ್ತೆ, ಜೊತೆಗೆ ಆರ್ಸೆನಿಕ್ ಕಲ್ಮಶವೂ ಇರಬಹುದು. ಫ್ರಾಸ್ಟ್ ಬೀಳುವ ಮೊದಲು ಪೂರ್ತಿ ಗಾತ್ರಕ್ಕೆ ಬಂದು, ಬಣ್ಣ ಸ್ವಲ್ಪ ತಿಳಿಯಾದ ಕಾಯಿ ಕೊಯ್ದು, ಒಂದೇ ಪದರವಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. 18–21 ಡಿಗ್ರಿ ಇದ್ದರೆ ಸುಮಾರು ಎರಡು ವಾರ. ಬೆಳಕು ಬೇಡ. ಬೇಗ ಆಗಬೇಕಾದರೆ ಒಂದು ಬಾಳೆಹಣ್ಣು ಜೊತೆಗಿಡಿ. ಫ್ರಿಜ್ ಬೇಡವೇ ಬೇಡ, ಹಸಿರು ಕಾಯಿ ಚಳಿಗೆ ಸಿಕ್ಕರೆ ಆಮೇಲೆ ಹಣ್ಣಾದರೂ ರುಚಿ ಇರಲ್ಲ. ಗಟ್ಟಿಯಾದ ಕಂದು ಮಚ್ಚೆ ಇರುವ ಕಾಯಿ ಪೆಟ್ಟಿಗೆಗೆ ಹಾಕಬೇಡಿ, ಅಂಗಮಾರಿ ರೋಗ ಆಗಿದ್ದರೆ ಪಕ್ಕದವೂ ಕೊಳೆಯುತ್ತವೆ.

ಶ್ರೀಧರ: ಸಕ್ಕರೆ ನೀರು ಹಾಕಿದರೆ ಹಣ್ಣು ಸಿಹಿಯಾಗುತ್ತಂತೆ 👇

ಅಡ್ಮಿನ್: ಶ್ರೀಧರ್ ಸರ್, ಇದು ಎರಡನೇ ಸಲ. ಡಿಲೀಟ್ ಮಾಡಿದ್ದೀನಿ.

ಶ್ರೀಧರ: ಒಳ್ಳೇದು ಹೇಳಿದ್ರೂ ತಪ್ಪೇ ಇಲ್ಲಿ.

ವಿನಯ್: ಪ್ಯಾಕೆಟ್ ಮೇಲೆ 70 ದಿನ ಅಂತಿದ್ರೆ?

ಶಾಲಿನಿ: ಅದೇ ಲೆಕ್ಕ ರೀ.

ಗಿರೀಶ್ (ಮರುದಿನ): ಮೇಡಂ, 10 ಸೆಂ.ಮೀ. ಆಳದಲ್ಲಿ 11 ಡಿಗ್ರಿ. ಬುಡ ಗಟ್ಟಿಯಾಗೇ ಇದೆ.

ಶಾಲಿನಿ: ಗಿಡ ಉಳಿಯುತ್ತೆ. ಹುಲ್ಲು ತೆಗೆದಾಯ್ತಾ?